ಅನುಭವದ ಪುರಾವೆ

ತಾನು ಯಂತ್ರವಲ್ಲ, ಮನುಷ್ಯನೇ ಎಂದು ಬೀಗದಣ್ಣ ಆ ವಾರ ಹದಿನೇಳು ಸಲ ಸಾಬೀತು ಮಾಡಬೇಕಾಯಿತು. ಮೊಬೈಲಿನ ಪರದೆಯಲ್ಲಿ ಒಂಬತ್ತು ಚೌಕ. ಬಸ್ಸು ಕಾಣುವ ಚೌಕಗಳನ್ನೆಲ್ಲ ಒತ್ತಿ ಎಂಬ ಅಪ್ಪಣೆ. ಬಸ್ಸಿನ ಕನ್ನಡಿಯ ಒಂದು ಚೂರು ಪಕ್ಕದ ಚೌಕಕ್ಕೆ ಚಾಚಿಕೊಂಡಿದ್ದರೆ ಅದನ್ನು ಒತ್ತಬೇಕೋ ಬೇಡವೋ? ಈ ಧರ್ಮಸಂಕಟದಲ್ಲಿ ಅವನು ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಮೂಗಿನ ತುದಿಗೆ ತಂದು ನೋಡುವಷ್ಟರಲ್ಲಿ ಕೊಟ್ಟ ಹೊತ್ತು ಮುಗಿದು ಅರ್ಜಿಯೇ ಮಾಯವಾಗುತ್ತಿತ್ತು. ಮತ್ತೆ ಹೆಸರಿನಿಂದ ಶುರು. ತಂದೆಯ ಹೆಸರು, ವಿಳಾಸ, ಹುಟ್ಟಿದ ದಿನ. ಹುಟ್ಟಿದ ವರ್ಷ ಹುಡುಕಲು ಪರದೆಯನ್ನು ಎಳೆದೆಳೆದು ಹೆಬ್ಬೆರಳು ನೋಯುತ್ತಿತ್ತು. ಇಷ್ಟು ಹಿಂದೆ ಹುಟ್ಟಿದ್ದು ನಿನ್ನದೇ ತಪ್ಪು ಎಂದು ಆ ಪಟ್ಟಿ ಹೇಳುತ್ತಿರುವಂತೆ ಅನ್ನಿಸುತ್ತಿತ್ತು.

ಅವನಿಗೆ ಐವತ್ನಾಲ್ಕು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಕುರ್ಚಿ ಹಾಕಿದರೆ ಬಾಗಿಲು ಮುಚ್ಚಲಾಗದಷ್ಟು ಜಾಗದಲ್ಲಿ, ಮೂವತ್ತೊಂದು ವರ್ಷ ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ. ಬೀಗದಕೈ ಉಜ್ಜುವುದು, ಕೆಟ್ಟ ಬೀಗ ಬಿಚ್ಚುವುದು, ಹೊಸದು ಕೂರಿಸುವುದು. ದೊಡ್ಡವರಿಗೆ ಬೀಗದಣ್ಣ, ಮಕ್ಕಳಿಗೆ ಬೀಗದ ಮಾಮ. ಮೂರು ತಿಂಗಳ ಹಿಂದೆ ಕಟ್ಟಡ ಕೆಡವಿದರು. ಅಂಗಡಿಯ ಜೊತೆಗೆ ಮೆಟ್ಟಿಲೂ ಹೋಯಿತು. ಕಾರ್ಖಾನೆಯ ಗೇಟಿಗೆ ಹೋಗಿ ಕೆಲಸ ಕೇಳಿದರೆ ಕಾವಲುಗಾರ ಮುಖ ಕೂಡ ನೋಡದೆ, "ವೆಬ್‌ಸೈಟಲ್ಲಿ ಹಾಕಿ" ಎಂದ. ಹತ್ತು ಗೇಟುಗಳಲ್ಲಿ ಅದೇ ಮಾತು ಕೇಳಿದ ಮೇಲೆ ಮಗಳು ಅಪ್ಪನ ಮೊಬೈಲಿನಲ್ಲಿ ಖಾತೆ ತೆರೆದುಕೊಟ್ಟಳು.

ಆ ಖಾತೆಯ ಕಾಟ ಹೇಳತೀರದು. ವಿದ್ಯಾಭ್ಯಾಸ ಎಂಬ ಕಡೆ ಒಂದು ಪಟ್ಟಿ. ಅದರಲ್ಲಿ ಏಳನೇ ತರಗತಿ ಎಂಬುದೇ ಇಲ್ಲ. ಕಸುಬು ಎಂಬ ಕಡೆ ಇನ್ನೊಂದು ಪಟ್ಟಿ. ಅದರಲ್ಲಿ ಮೀನಿನ ತಜ್ಞನಿದ್ದಾನೆ, ನೃತ್ಯ ಸಂಯೋಜಕನಿದ್ದಾನೆ, ಬೀಗದವನಿಲ್ಲ. ಕೊನೆಗೆ 'ಇತರೆ' ಎಂದು ಒತ್ತಿದ. 'ನಿಮಗೆ ಹೊಂದುವ ಕೆಲಸಗಳು' ಎಂದು ಅದು ಮರುದಿನವೇ ಈಜು ತರಬೇತುದಾರ ಮತ್ತು ಹಲ್ಲಿನ ವೈದ್ಯನ ಕೆಲಸಗಳನ್ನು ಕಳಿಸಿತು. ನಲವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದಕ್ಕೆ ಬಂದ ಉತ್ತರ ಒಂದೇ: ಆಸಕ್ತಿ ತೋರಿದ್ದಕ್ಕೆ ವಂದನೆಗಳು, ದಯವಿಟ್ಟು ಇದಕ್ಕೆ ಉತ್ತರ ಬರೆಯಬೇಡಿ. ಮಗಳಿಗೆ ಓದಿ ಹೇಳಿ ನಗುತ್ತಿದ್ದ. ಮಗಳು ಕಣ್ಣಾಸ್ಪತ್ರೆಯ ಕೌಂಟರಿನ ಕೆಲಸಕ್ಕೆ ಹೊರಟುಹೋದ ಮೇಲೆ ನಗು ಉಳಿಯುತ್ತಿರಲಿಲ್ಲ. ಹೆಂಡತಿ ಕಾಲು ಮುರಿದ ಅಕ್ಕನನ್ನು ನೋಡಿಕೊಳ್ಳಲು ಪರಊರಿಗೆ ಹೋಗಿ ತಿಂಗಳಾಗಿತ್ತು. ಖಾಲಿ ಮನೆಯಲ್ಲಿ ಕೂತರೆ ಒಂದು ಭಯ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಇನ್ನು ತಾನು ಯಾರಿಗೂ ಬೇಡವೇನೋ ಎಂಬ ಭಯ.

ಹೀಗಿರುವಾಗ ಸೋಮವಾರ ಆ ಜಾಹೀರಾತು ಕಣ್ಣಿಗೆ ಬಿತ್ತು. ಭದ್ರತಾ ಸಂಸ್ಥೆಯೊಂದಕ್ಕೆ ಬೀಗದ ಕೆಲಸದಲ್ಲಿ ಪಳಗಿದವರು ಬೇಕು. ವಯಸ್ಸಿನ ಮಿತಿಯಿಲ್ಲ. ಓದಿನ ಮಿತಿಯಿಲ್ಲ. ಅನುಭವದ ಪುರಾವೆಯಾಗಿ ಕನಿಷ್ಠ ಆರು ಚಿತ್ರ ಕಳಿಸಿ. ಬೀಗದಣ್ಣ ಅದನ್ನು ಮೂರು ಸಲ ಓದಿದ. ಯಾರೋ ಅವನನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿತ್ತು. ಪುರಾವೆ ಒಂದೇ ತೊಡಕು. ಅವನ ಹತ್ತಿರ ಪ್ರಮಾಣಪತ್ರವಿಲ್ಲ, ಶಿಫಾರಸು ಪತ್ರವಿಲ್ಲ. ಅಂಗಡಿಯೇ ಇಲ್ಲದ ಮೇಲೆ ಅಂಗಡಿಯ ಫೋಟೋ ಎಲ್ಲಿಂದ ತರುವುದು? ಅವನ ಹತ್ತಿರ ಇದ್ದದ್ದು ಒಂದು ಪುಸ್ತಕ.

ಆ ಪುಸ್ತಕದ ವಿಷಯ ಇಲ್ಲಿ ಹೇಳಲೇಬೇಕು. ಜನ ಕೀ ಕಳೆದುಕೊಳ್ಳುತ್ತಾರೆ. ಅದು ಅವರ ಜನ್ಮಸಿದ್ಧ ಹಕ್ಕು. ಕಳೆದುಕೊಂಡು ಓಡಿಬಂದವರಿಗೆ ಬೀಗ ಒಡೆಯದೆ ಹೊಸದು ಉಜ್ಜಿ ಕೊಡಬೇಕಾದರೆ ಹಳೆಯದರ ಅಳತೆ ಬೇಕು. ಆದ್ದರಿಂದ ಬೀಗದಣ್ಣ ತಾನು ಕೂರಿಸಿದ ಪ್ರತಿ ಬೀಗಕ್ಕೂ ಒಂದು ಸಾಲು ಬರೆದಿಡುತ್ತಿದ್ದ: ಬೀದಿ, ಮನೆಯ ಸಂಖ್ಯೆ, ಯಾರ ಮನೆಯೆಂಬುದು, ಕೊನೆಗೆ ಐದು ಅಂಕಿ. ಬೀಗದಕೈಯ ಐದು ಹಲ್ಲುಗಳು ಎಷ್ಟೆಷ್ಟು ಆಳ ಎಂಬುದೇ ಆ ಅಂಕಿ. ಅಂಕಿ ಗೊತ್ತಿದ್ದು ಕೀ ಉಜ್ಜುವ ಯಂತ್ರವಿದ್ದರೆ, ಬಾಗಿಲನ್ನು ಕಣ್ಣಲ್ಲೂ ನೋಡದವನು ಅದರ ಬೀಗದಕೈ ಮಾಡಬಲ್ಲ. 'ನರ್ಸಮ್ಮ, ಎರಡನೇ ಮಹಡಿ', ಅದರ ಮುಂದೆ ಐದು ಅಂಕಿ. 'ಡ್ರಾಯಿಂಗ್ ಟೀಚರು, ಮೂರನೇ ಮಹಡಿ', ಐದು ಅಂಕಿ. ಪಕ್ಕದಲ್ಲಿ ಸಣ್ಣದಾಗಿ, 'ಮಗಳ ಕೀ ಕೊರಳಿಗೆ, ಚುಚ್ಚದಂತೆ ತಲೆ ಉಜ್ಜಿದೆ'. ಕಸುಬು ಕಲಿಸಿದ ಸೋದರಮಾವ ಮೊದಲ ದಿನವೇ ಹೇಳಿದ್ದ: "ಈ ಪುಸ್ತಕ ನಾಳೆ ಬರೋ ಹೆಂಡತಿಗೂ ತೋರಿಸ್ಬೇಡ." ತೋರಿಸಿರಲಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಡಬ್ಬವನ್ನು ಅಟ್ಟದ ಮೇಲಿಟ್ಟು, ಅದಕ್ಕೂ ಒಂದು ಸಣ್ಣ ಬೀಗ ಹಾಕಿದ್ದ.

ಸೋಮವಾರ ಮಧ್ಯಾಹ್ನ ಅದನ್ನು ಕೆಳಗಿಳಿಸಿದ. ಯಾವ ಬುದ್ಧಿಯಲ್ಲಿ ಇಳಿಸಿದ ಎಂದು ಕೇಳಬೇಡಿ. ಕೆಲಸವಿಲ್ಲದೆ ಮೂರು ತಿಂಗಳು ಕೂತು ನೋಡಿ, ಆಗ ಗೊತ್ತಾಗುತ್ತದೆ. ಅವನ ಕಣ್ಣಿಗೆ ಅಂದು ಅದು ಜನರ ಬಾಗಿಲುಗಳ ಪಟ್ಟಿಯಾಗಿ ಕಾಣಲಿಲ್ಲ, ತನ್ನ ಮೂವತ್ತೊಂದು ವರ್ಷದ ದುಡಿಮೆಯಾಗಿ ಕಂಡಿತು. ಯಾರೂ ಒಂದು ದಿನ ನೋಡಿ ಶಹಬ್ಬಾಸ್ ಎನ್ನದ ದುಡಿಮೆ. ಅಕ್ಷರ ದುಂಡಗಿರುವ ಆರು ಪುಟ ಆರಿಸಿದ. ಎಲ್ಲವೂ ತನ್ನ ಬಡಾವಣೆಯವೇ, ಐವತ್ತೇಳು ಮನೆ. ಕಿಟಕಿಯ ಬೆಳಕಿಗೆ ಹಿಡಿದು, ನೆರಳು ಬೀಳದಂತೆ ಫೋಟೋ ತೆಗೆದು ಕಳಿಸಿದ. ಅರ್ಜಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಯಿತು. ಬಸ್ಸಿನ ಚೌಕ ಒತ್ತು ಎನ್ನಲಿಲ್ಲ, ನೀನು ಮನುಷ್ಯನಾ ಎಂದೂ ಕೇಳಲಿಲ್ಲ. ಅನುಮಾನ ಬರಬೇಕಾದದ್ದು ಅಲ್ಲೇ. ಅವನಿಗೆ ಬಂದದ್ದು ಖುಷಿ.

ಮಂಗಳವಾರ ಸಂದೇಶ ಬಂತು. 'ನಿಮ್ಮ ಕೆಲಸ ಬಹಳ ಅಚ್ಚುಕಟ್ಟು ಸರ್. ಈ ಮನೆಗಳಲ್ಲಿ ಈಗಲೂ ನೀವು ಹಾಕಿದ ಬೀಗಗಳೇ ಇವೆಯೇ?'

ಮೂರು ತಿಂಗಳಲ್ಲಿ ಅವನನ್ನು ಸರ್ ಎಂದವರು ಯಾರೂ ಇರಲಿಲ್ಲ. ಒಂದೇ ಬೆರಳಿನಲ್ಲಿ, ತಪ್ಪು ಒತ್ತಿ ಅಳಿಸಿ, ಕಾಲು ಗಂಟೆ ಕೂತು ಉತ್ತರ ಬರೆದ: 'ಒಂದೂ ಬದಲಾಗಿಲ್ಲ. ನಾನು ಹಾಕಿದ ಬೀಗ ಸುಮ್ಮನೆ ಕೆಡುವುದಿಲ್ಲ.' ಓದಿದ್ದಾರೆಂದು ಎರಡು ಗೀಟು ನೀಲಿಯಾದವು. ಮುಂದೆ ಮಾತಿಲ್ಲ. ಬುಧವಾರ ನೋಡಿದರೆ ಜಾಹೀರಾತೂ ಇಲ್ಲ, ಆ ನಂಬರಿಗೆ ಕರೆಯೂ ಹೋಗುತ್ತಿಲ್ಲ. ಬೇರೆ ಯಾರಿಗೋ ಕೆಲಸ ಸಿಕ್ಕಿಹೋಯಿತು ಎಂದು ಅವನು ಇಡೀ ದಿನ ಸಪ್ಪಗಿದ್ದ. ಪುಣ್ಯಾತ್ಮನಿಗೆ ಆಗಲೂ ತಲೆಗೆ ಹತ್ತಲಿಲ್ಲ.

ಗುರುವಾರ ಬೆಳಿಗ್ಗೆ ಮಗಳು ತಲೆ ಬಾಚುತ್ತ ಕೇಳಿದಳು. "ಆ ಬೀಗದ ಕಂಪನಿಯವ್ರು ಏನಂದ್ರಪ್ಪ?"

"ಕೆಲಸ ಅಚ್ಚುಕಟ್ಟು ಅಂದ್ರು. ಆಮೇಲೆ ಪತ್ತೇನೇ ಇಲ್ಲ. ಜಾಹೀರಾತೂ ತೆಗೆದುಬಿಟ್ಟಿದಾರೆ."

"ಅಚ್ಚುಕಟ್ಟು ಅಂತ ಅವ್ರಿಗೆ ಹೇಗೆ ಗೊತ್ತಾಯ್ತು? ಬಂದು ನೋಡಿದ್ರಾ?"

"ಪುಸ್ತಕದ ಫೋಟೋ ಕಳಿಸಿದ್ನಲ್ಲ."

ಬಾಚಣಿಗೆ ಕೂದಲಲ್ಲೇ ನಿಂತಿತು. "ಯಾವ ಪುಸ್ತಕ?"

ಅವನು ಹೇಳತೊಡಗಿದ. ಪುಸ್ತಕದಲ್ಲಿ ಏನಿದೆ, ಎಷ್ಟು ಪುಟ, ಅವರು ಏನು ಕೇಳಿದರು, ತಾನು ಏನು ಬರೆದೆ. ಹೇಳುತ್ತ ಹೇಳುತ್ತ ತನ್ನ ಮಾತು ತನ್ನ ಕಿವಿಗೇ ಬಿತ್ತು. 'ಈಗಲೂ ಅದೇ ಬೀಗಗಳೇ?' ಕೆಲಸ ಕೊಡುವವನಿಗೆ ಆ ಪ್ರಶ್ನೆ ಯಾಕೆ ಬೇಕು? ಕೈಯಲ್ಲಿದ್ದ ಚಹದ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಅಂಗೈ ಸುಡುತ್ತಿದ್ದುದು ಗೊತ್ತಾಗಲಿಲ್ಲ.

ಮಗಳು ಬೈದಿದ್ದರೆ ಚೆನ್ನಾಗಿತ್ತು. ಅವಳು ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದಳು. "ಅಪ್ಪ, ಐವತ್ತೇಳು ಮನೆ. ಅರ್ಜಿಯಲ್ಲಿ ನಿನ್ನ ವಿಳಾಸ ಬೇರೆ ಇದೆ. ಯಾವ ಊರು, ಯಾವ ಬಡಾವಣೆ, ಎಲ್ಲಾ ಗೊತ್ತಾಗಿರುತ್ತೆ ಅವ್ರಿಗೆ." ಮೊಬೈಲು ತೆಗೆದಳು. "ಬಡಾವಣೆ ಗ್ರೂಪಿಗೆ ಈಗ್ಲೇ ಹಾಕ್ತೀನಿ."

ಬೀಗದಣ್ಣ ಮಗಳ ಮಣಿಕಟ್ಟು ಹಿಡಿದುಬಿಟ್ಟ. ಅವಳು ನಡೆಯಲು ಕಲಿತ ಮೇಲೆ ಹೀಗೆ ಹಿಡಿದದ್ದು ಇದೇ ಮೊದಲು. "ಬೇಡಮ್ಮ. ಹಾಕ್ಬೇಡ."

"ಹಾಕ್ದೆ?"

"ನಾನೇ ಹೋಗಿ ಒಂದೊಂದೇ ಬೀಗದೊಳಗೆ ಕೀ ಹಲ್ಲು ತಾಗೋ ಪಿನ್ನು ಬದಲಾಯಿಸ್ತೀನಿ. ಪಿನ್ನು ಬದಲಾದ್ರೆ ಹಳೇ ಅಂಕಿ ಕೆಲಸಕ್ಕೆ ಬರಲ್ಲ. ಯಾರಿಗೂ ಗೊತ್ತಾಗೋದೂ ಬೇಡ."

"ಪೊಲೀಸ್ನೋರಿಗಾದ್ರೂ ಹೇಳೋಣ."

"ಅವ್ರು ಮೊದಲು ಹಿಡಿಯೋದು ನನ್ನನ್ನೇ. ಮನೆಮನೆ ಕೀ ಬರ್ಕೊಂಡು ಇಟ್ಕೊಂಡಿದ್ದೆ ಅಂದ್ರೆ ಜನ ಏನಂತಾರೆ? ಮೂವತ್ತೊಂದು ವರ್ಷ ಕಣಮ್ಮ. ಒಂದು ಮನೇಲಿ ಒಂದು ಚಮಚ ಕಳೆದುಹೋಯ್ತು ಅಂತ ಯಾರೂ ನನ್ನ ಕಡೆ ತಿರುಗಿ ನೋಡಿಲ್ಲ. ನನ್ನ ಹತ್ತಿರ ಇನ್ನೇನಿದೆ ಹೇಳು?"

ಮಗಳು ಗೋಡೆಯ ಗಡಿಯಾರ ನೋಡಿದಳು. ಒಂದು ಬೀಗಕ್ಕೆ ಅರ್ಧ ಗಂಟೆ ಎಂದರೂ ಐವತ್ತೇಳು ಮನೆ ಒಂದು ದಿನದ ಕೆಲಸವಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಸಂಜೆ ಏಳರವರೆಗೆ," ಎಂದಳು. "ಆಮೇಲೆ ನಾನು ಹಾಕೇ ಹಾಕ್ತೀನಿ. ನೀನು ಏನೇ ಅನ್ನು."

ಪೆಟ್ಟಿಗೆಗೆ ಸ್ಕ್ರೂಡ್ರೈವರು, ಚಿಮಟ, ಪಿನ್ನಿನ ಡಬ್ಬಿ, ಅರ, ಕೈಯಲ್ಲಿ ತಿರುಗಿಸುವ ಹಳೆಯ ಕೀ ಯಂತ್ರ ತುಂಬಿಕೊಂಡು ಹೊರಟ. ದೊಡ್ಡ ಮನೆಗಳಿಗೆ ಮೊದಲು ಹೋದ. ಕಳ್ಳನಿಗೆ ಬೇಕಾದದ್ದು ಅಲ್ಲೇ ತಾನೇ ಇರುತ್ತದೆ ಎಂಬ ಲೆಕ್ಕ. "ಹಳೇ ಗಿರಾಕಿಗಳಿಗೆ ಬೀಗದ ಸರ್ವಿಸ್ ಮಾಡ್ತಿದೀನಿ, ದುಡ್ಡೇನೂ ಬೇಡ" ಎಂದು ಹಲ್ಲು ಕಿರಿದ. ಡಾಕ್ಟರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಸರ್ವಿಸ್ ಅಂದ್ರೆ ಎಣ್ಣೆ ಬಿಡೋದಲ್ವಾ? ಹೊಸ ಕೀ ಯಾಕೆ?" ಎಂದರು. ಪಿನ್ನು ಸವೆದಿದೆ ಎಂದು ಸುಳ್ಳು ಹೇಳಿದ. ಸವೆದಿರಲಿಲ್ಲ; ಅವನು ಹಾಕಿದ ಪಿನ್ನು ಸವೆಯುವಂಥದ್ದಲ್ಲ. ಹಾಗೆಂದು ಅಪರಿಚಿತನೊಬ್ಬನ ಮುಂದೆ ಜಂಭ ಕೊಚ್ಚಿಕೊಂಡವನಲ್ಲವೇ ಅವನು.

ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ನರಕವಾಯಿತು. ಹುಟ್ಟಿದಾಗಿನಿಂದ ಓಡಾಡಿದ ಬೀದಿಯಲ್ಲಿ ಅವನಿಗೆ ಈಗ ಪ್ರತಿ ಗಂಡಸೂ ಆ ಕಳ್ಳನೇ. ಸ್ಕೂಟರಿಗೆ ಒರಗಿ ಫೋನು ನೋಡುತ್ತ ನಿಂತವನು ಅವನೇ. ಮನೆಯ ಸಂಖ್ಯೆಗಳನ್ನು ಓದುತ್ತ ಬರುತ್ತಿದ್ದ ಕೊರಿಯರಿನವನನ್ನು ಕಂಡು ಬೀಗದಣ್ಣನ ಕಾಲು ನೆಲಕ್ಕೆ ಅಂಟಿಕೊಂಡಿತು. ಅವನು ಲಕೋಟೆ ಕೊಟ್ಟು ಸಹಿ ಹಾಕಿಸಿಕೊಂಡು ಹೋಗುವವರೆಗೂ ಕಣ್ಣು ಕೀಳಲಿಲ್ಲ. ಬೆನ್ನ ಹಿಂದೆ ಯಾರೋ ಕೀಗೊಂಚಲು ಅಲ್ಲಾಡಿಸಿದರೆ ಬೆಚ್ಚಿಬೀಳುತ್ತಿದ್ದ. ಯಾರ ಕೀಯ ಸದ್ದು ಎಂದು ಮೊದಲೆಲ್ಲ ಕಿವಿಯಲ್ಲೇ ಗುರುತಿಸುತ್ತಿದ್ದವನಿಗೆ ಆ ಸದ್ದೇ ಆಗದಾಯಿತು. ಮೂರು ಗಂಟೆಯ ಹೊತ್ತಿಗೆ ಆದದ್ದು ಆರು ಮನೆ. ಅವಸರಕ್ಕೆ ಪಿನ್ನುಗಳು ಕೈಜಾರಿ ಬೀಳುತ್ತಿದ್ದವು, ಅವುಗಳನ್ನು ಹುಡುಕುವುದಕ್ಕೇ ಅರ್ಧ ಹೊತ್ತು ಹೋಗುತ್ತಿತ್ತು.

ಏಳನೆಯದು ನರ್ಸಮ್ಮನ ಮನೆ. ಬೆಳಿಗ್ಗೆ ದೊಡ್ಡ ಮನೆಗಳಿಗೆ ಹೋಗುವ ದಾರಿಯಲ್ಲಿ ಬಾಗಿಲು ತಟ್ಟಿದಾಗ ಅವರು ರಕ್ತಪರೀಕ್ಷೆಗೆ ಹೋಗಿದ್ದರು. ಮೂರು ಮಹಡಿಯ, ಲಿಫ್ಟಿಲ್ಲದ ಕಟ್ಟಡ. ಕೆಳಗೆ ಟೈಲರನ ಅಂಗಡಿ, ಎರಡನೇ ಮಹಡಿಯಲ್ಲಿ ಇವರು ಒಬ್ಬರೇ, ಅದರ ಮೇಲೆ ಡ್ರಾಯಿಂಗ್ ಟೀಚರು ಮತ್ತು ಅವರ ಮಗಳು. ನರ್ಸಮ್ಮ ನಿವೃತ್ತರಾಗಿ ಹದಿನೈದು ವರ್ಷ. ಬೀಗದಣ್ಣನ ಮಗಳನ್ನು ಮೊದಲು ಎತ್ತಿಕೊಂಡ ಕೈ ಅವರದು. ಈಗ ಕಿವಿ ಪೂರ್ತಿ ಮಂದ. ಕಿವಿಯ ಯಂತ್ರ ಕಿರ್ ಎನ್ನುತ್ತದೆಂದು ಅದನ್ನು ಕಪಾಟಿನಲ್ಲಿಟ್ಟು, ಎದುರಿಗಿದ್ದವರ ತುಟಿ ನೋಡಿ ಮಾತಾಡುತ್ತಿದ್ದರು. ಬೀಗ ಬಿಚ್ಚುತ್ತೇನೆಂದು ಸನ್ನೆ ಮಾಡಿದಾಗ, "ಬಿಚ್ಚು, ಬಿಚ್ಚು" ಎಂದು ಕುರ್ಚಿ ಎಳೆದುಕೊಂಡು ಕೂತರು. ಯಾಕೆಂದು ಕೇಳಲಿಲ್ಲ. ಆ ದಿನ ಅವನು ಸುಳ್ಳು ಹೇಳಬೇಕಾಗದೆ ಹೋದದ್ದು ಈ ಒಂದು ಮನೆಯಲ್ಲಿ. ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

"ಇನ್ನೊಂದು ಕೀ ಯಾರ ಹತ್ತಿರ ಇದೆ ನರ್ಸಮ್ಮ?" ಎಂದು ತುಟಿ ಬಿಡಿಸಿ ಕೇಳಿದ.

"ತಂಗಿ ಮಗಳ ಹತ್ತಿರ. ರೈಲಲ್ಲಿ ಎರಡು ದಿನದ ದಾರಿ. ಅವಳು ಬರೋದು ವರ್ಷಕ್ಕೊಂದ್ಸಲ. ಯಾಕೋ?"

"ಸುಮ್ನೆ ಕೇಳ್ದೆ."

ಪಿನ್ನು ಬದಲಾಯಿಸಿ, ಬೀಗ ಮತ್ತೆ ಕೂರಿಸಿ, ಬಾಗಿಲು ಮುಚ್ಚಿ ಒಳಗಿನಿಂದ ತಿರುಗಿಸಿ ನೋಡಿದ. ಹೊಸ ಕೀ ಸಲೀಸಾಗಿ ತಿರುಗಿತು. ನರ್ಸಮ್ಮ ಹಿಂದಿನಿಂದ ಮಾತಾಡುತ್ತಲೇ ಇದ್ದರು. "ನಿನ್ನ ಮಗಳು ಹುಟ್ಟಿದ್ದು ನೆನಪಿದ್ಯೇನೋ? ನೀನು ಹೊರಗೆ ನಿಂತು ವಾರ್ಡಿನ ಬಾಗಿಲ ಬೀಗ ರಿಪೇರಿ ಮಾಡ್ತಿದ್ದೆ. ಹೆಂಡ್ತಿ ಒಳಗೆ ಕೂಗ್ತಿದಾಳೆ, ಇವನು ಹೊರಗೆ ಎಣ್ಣೆ ಬಿಡ್ತಿದಾನೆ." ನಕ್ಕರು. ಬೀಗದಣ್ಣನೂ ನಗಬೇಕೆಂದು ಬಾಯಿ ತೆರೆದ.

ಆಗ ಹೊರಗಿನಿಂದ ಬೀಗದೊಳಗೆ ಒಂದು ಕೀ ಹೊಕ್ಕಿತು.

ಅವನ ಮುಖಕ್ಕೂ ಬೀಗಕ್ಕೂ ಒಂದು ಗೇಣು ಅಂತರ. ಕೀ ಪೂರ್ತಿ ಒಳಗೆ ಬಂತು, ನಿಂತಿತು, ತಿರುಗಲು ನೋಡಿತು. ತಿರುಗಲಿಲ್ಲ. ಹೊರಗಿನವನು ಅದನ್ನು ಅರ್ಧ ಎಳೆದು ಮತ್ತೆ ತಳ್ಳಿದ. ಹೊಸದಾಗಿ ಉಜ್ಜಿದ ಲೋಹದ ಕರಕರ ಸದ್ದು. ಆ ಸದ್ದನ್ನು ಲೋಕದಲ್ಲಿ ಬೀಗದಣ್ಣನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಯಾರದು ಎಂದು ಕೂಗಬೇಕು, ಬಾಗಿಲು ತೆಗೆದು ಕೊರಳಪಟ್ಟಿ ಹಿಡಿಯಬೇಕು. ಎರಡೂ ಆಗಲಿಲ್ಲ. ಮೇಲಿನ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತ. ಬಾಗಿಲ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಒಂದು ಟೋಪಿ, ಒಂದು ಭುಜ, ಭುಜದ ಮೇಲೆ ಚೀಲದ ಪಟ್ಟಿ ಕಂಡಿತು. ಹಿಂದೆ ನರ್ಸಮ್ಮ, "ಎಣ್ಣೆ ವಾಸನೆ ಮಗು ಮೈಗೆಲ್ಲಾ ಹತ್ತಿಸಿಬಿಟ್ಟೆ ಕಣೋ ನೀನು" ಎಂದು ಹೇಳುತ್ತಲೇ ಇದ್ದರು. ಅವನು ಅರ್ಧ ಗಂಟೆ ತಡ ಮಾಡಿದ್ದರೆ ಈ ಬಾಗಿಲು ತೆರೆದುಕೊಳ್ಳುತ್ತಿತ್ತು, ಅವರು ಬೆನ್ನು ಹಾಕಿ ಕೂತಿರುತ್ತಿದ್ದರು, ಹೆಜ್ಜೆಯ ಸದ್ದೂ ಕೇಳಿಸುತ್ತಿರಲಿಲ್ಲ.

ಕೀ ಹೊರಗೆ ಹೋಯಿತು. ಬೀಗದಣ್ಣ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟ. ಹೆಜ್ಜೆಗಳು ಕೆಳಗೆ ಇಳಿಯಲಿಲ್ಲ. ಮೇಲಕ್ಕೆ ಹತ್ತಿದವು.

ಆಗ ಅವನಿಗೆ ತಿಳಿಯಿತು. ಕಳ್ಳ ದೊಡ್ಡ ಮನೆ ಚಿಕ್ಕ ಮನೆ ನೋಡುತ್ತಿರಲಿಲ್ಲ. ಇವನು ದುಂಡಗೆ ಬರೆದುಕೊಟ್ಟ ಸಾಲು ಹಿಡಿದು ಹೊರಟಿದ್ದ. ಪುಟದ ಮೊದಲ ಸಾಲು ನರ್ಸಮ್ಮ. ಎರಡನೆಯದು ಯಾರೆಂದು ಪುಸ್ತಕ ತೆರೆದು ನೋಡಬೇಕಾಗಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾಲ್ಕಕ್ಕೆ ಟೀಚರ ಮಗಳು ಶಾಲೆಯಿಂದ ಒಬ್ಬಳೇ ಬರುತ್ತಾಳೆ, ಕೊರಳಿನ ಕೀ ತೆಗೆದು ಬಾಗಿಲು ತೆರೆಯುತ್ತಾಳೆ. ತಾಯಿ ಬೇರೆ ಶಾಲೆಯಲ್ಲಿ, ಬರುವುದು ಐದರ ಮೇಲೆ. ತಲೆಯ ಮೇಲೆ ಮೂರನೇ ಮಹಡಿಯಲ್ಲಿ ಅವನೇ ಕೂರಿಸಿದ ಬೀಗ ಒಂದೇ ಸಲಕ್ಕೆ, ಸಲೀಸಾಗಿ, ಟಕ್ ಎಂದು ತೆರೆದುಕೊಂಡಿತು.

ಅವನು ಮಗಳಿಗೆ ಫೋನು ಮಾಡಿದ. ನರ್ಸಮ್ಮ ಅವನ ಮುಖ ನೋಡಿ ಎದ್ದು ಬಂದು, ಏನೂ ಕೇಳದೆ, ಖಾಲಿಯಿದ್ದ ಅವನ ಇನ್ನೊಂದು ಕೈಯ ನಾಡಿ ಹಿಡಿದು ಗಡಿಯಾರ ನೋಡುತ್ತ ನಿಂತರು.

"ಗ್ರೂಪಿಗೆ ಹಾಕಮ್ಮ," ಎಂದ. ಸ್ವರ ಪಿಸುಮಾತಾಗಿತ್ತು. "ಈಗ್ಲೇ. ಬಂದಿದಾನೆ. ಟೀಚರ್ ಮನೆ ಒಳಗಿದಾನೆ."

ಆಚೆ ಕಡೆ ಕಣ್ಣಾಸ್ಪತ್ರೆಯ ಗಲಾಟೆ. ಮಗಳು ದನಿ ತಗ್ಗಿಸಿದಳು. "ಕಳ್ಳ ಓಡಾಡ್ತಿದಾನೆ, ಹುಷಾರು ಅಂತ ಹಾಕ್ಲಾ? ನಿನ್ನ ಹೆಸರು ಬೇಡ ಬಿಡು. ಅಷ್ಟು ಹಾಕಿದ್ರೆ ಸಾಕಲ್ವಾ?"

ಅವಳು ಅಪ್ಪನಿಗಾಗಿ ತೆರೆದಿಟ್ಟ ದಾರಿ ಅದು. ಅವನಿಗೆ ಎಷ್ಟು ಬೇಕಾಗಿತ್ತೆಂದರೆ, ಹೂಂ ಎನ್ನಲು ನಾಲಗೆಯ ತುದಿಗೆ ಬಂದಿತ್ತು.

"ಸಾಕಾಗಲ್ಲ," ಎಂದ. "ಹಾಗೆ ಹಾಕಿದ್ರೆ ಎಲ್ಲಾ ಬೀಗ ತಿರುಗಿಸ್ಕೊಂಡು ನೆಮ್ಮದಿಯಾಗಿ ಕೂತ್ಕೋತಾರೆ. ಆ ಬೀಗಾನೇ ಈಗ ಬೀಗ ಅಲ್ಲ. ಬರ್ಕೋ. ಬೀಗ ನಂಬಬೇಡಿ. ಒಳಗಿನ ಚಿಲಕ ಹಾಕ್ಕೊಳ್ಳಿ. ಮನೆ ಖಾಲಿ ಇದ್ರೆ ಒಬ್ಬೊಬ್ಬರೇ ಒಳಗೆ ಹೋಗ್ಬೇಡಿ. ಕಳ್ಳನ ಹತ್ತಿರ ನಿಮ್ಮ ಮನೆ ಕೀ ಇದೆ. ಕೊಟ್ಟೋನು ನಾನು. ಬೀಗದಣ್ಣ ಅಂತ ಹಾಕು. ಟೀಚರ್‌ಗೆ ಬೇರೆ ಫೋನೂ ಮಾಡು, ಮಗಳು ಮನೆಗೆ ಬರೋ ಹೊತ್ತು."

"ಅಪ್ಪ—"

"ಹಾಕು."

"ಕುದುರೆ ಓಡಿದ ಹಾಗೆ ಓಡ್ತಿದೆಯಲ್ಲೋ," ಎಂದರು ನರ್ಸಮ್ಮ ಮಣಿಕಟ್ಟು ಬಿಡದೆ.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವನ ಜೇಬಿನ ಫೋನು ಟಿಣ್ ಎಂದಿತು. ಮೇಜಿನ ಮೇಲೆ ನರ್ಸಮ್ಮನ ಫೋನು ಅವರಿಗೆ ಕೇಳಿಸದೆ ನಡುಗಿತು. ಕೆಳಗಿನ ಮನೆಯಲ್ಲಿ ಚಿಲಕ ಬಿದ್ದ ಸದ್ದು, ಎದುರು ಕಟ್ಟಡದಲ್ಲಿ ಮತ್ತೊಂದು. ಅಂಗಡಿಯಿಂದ ಟೈಲರು ಹೊರಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು, "ಯಾರಪ್ಪ ಅದು ಮೇಲೆ?" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಗದರಿದ. ಮೇಲೆ ಏನೋ ಬಿತ್ತು. ಹೆಜ್ಜೆಗಳು ಧಡಧಡನೆ ಇಳಿದವು. ಕಿಂಡಿಯಲ್ಲಿ ಟೋಪಿ ಒಂದು ಸಲ ಹಾದುಹೋಯಿತು. ಕೆಳಗೆ ಟೈಲರು ಏಯ್ ಎಂದದ್ದು, ಗೋಡೆಗೆ ಬಡಿದದ್ದು, ಸ್ಕೂಟರು ಶುರುವಾದದ್ದು ಕೇಳಿಸಿತು.

ಬೀಗದಣ್ಣ ಬಾಗಿಲು ತೆರೆದು ಮೇಲೆ ಹತ್ತಿದ. ಟೀಚರ ಮನೆಯ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಬಳಿ ಒಂದು ಬಣ್ಣದ ಡಬ್ಬ ಉರುಳಿ ಬಿದ್ದಿತ್ತು. ಬೀಗದಲ್ಲಿ ಕೀ ಹಾಗೇ ಉಳಿದಿತ್ತು, ಥಳಥಳ ಹೊಳೆಯುವ ಹೊಸ ಕೀ. ತೆಗೆದು ಬೆಳಕಿಗೆ ಹಿಡಿದು ನೋಡಿದ. ಐದು ಹಲ್ಲು, ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ತಾನೇ ಉಜ್ಜಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡು ಬಾಗಿಲು ಎಳೆದುಕೊಂಡ. ಕಳ್ಳ ಮತ್ತೆ ಬಂದರೆ? ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಜೇಬಿನ ಫೋನು ನಿಲ್ಲದೆ ಟಿಣ್ ಟಿಣ್ ಎನ್ನುತ್ತಿತ್ತು. ಅದನ್ನು ತೆಗೆದು ಓದುವ ಧೈರ್ಯ ಅವನಿಗಿರಲಿಲ್ಲ.

ನಾಲ್ಕು ದಾಟಿ ಐದು ನಿಮಿಷಕ್ಕೆ ಮೆಟ್ಟಿಲಲ್ಲಿ ಸಣ್ಣ ಹೆಜ್ಜೆಗಳ ಸದ್ದು. ಹುಡುಗಿ ತಿರುವಿನಲ್ಲಿ ಕಾಣಿಸಿಕೊಂಡಳು. ಹತ್ತು ವರ್ಷದವಳು, ಬೆನ್ನಿಗೆ ಚೀಲ, ಕೈಯಲ್ಲಿ ತಾಯಿ ಕೊಡಿಸಿದ ಗುಂಡಿಯ ಫೋನು. ಎಂದಿನಂತೆ ಬೀಗದ ಮಾಮ ಎಂದು ಓಡಿ ಬರಲಿಲ್ಲ. ಆರು ಮೆಟ್ಟಿಲು ಕೆಳಗೇ ನಿಂತಳು.

"ಬಾ ಪುಟ್ಟ, ಹೆದರ್ಬೇಡ. ಅವನು ಓಡಿಹೋದ," ಎಂದ ಬೀಗದಣ್ಣ. "ನಾನು ಇಲ್ಲೇ ಕಾಯ್ತಾ ಇದೀನಿ."

ಹುಡುಗಿ ಕದಲಲಿಲ್ಲ. "ಅಮ್ಮ ಫೋನ್ ಮಾಡಿದ್ರು," ಎಂದಳು. ಹೇಳಲೋ ಬೇಡವೋ ಎಂದು ತುಟಿ ಕಚ್ಚಿಕೊಂಡು ನೋಡಿದಳು. "ಬೀಗದ ಮಾಮ ಇದ್ರೆ ಬಾಗಿಲ ಹತ್ತಿರ ಹೋಗ್ಬೇಡ ಅಂದ್ರು."

ಕೆಳಗೆ ಟೈಲರು ಯಾರೊಂದಿಗೋ ಏರುದನಿಯಲ್ಲಿ ಮಾತಾಡುತ್ತಿದ್ದ. ಬೀಗದಣ್ಣನಿಗೆ ತನ್ನ ಹೆಸರು ಎರಡು ಸಲ ಕೇಳಿಸಿತು.

"ಸರಿಯಾಗೇ ಹೇಳಿದಾರೆ," ಎಂದ ಹುಡುಗಿಗೆ. ಬಾಗಿಲಿನಿಂದ ಬೆನ್ನು ತೆಗೆದ. ಎರಡೂ ಕೈ ಅವಳಿಗೆ ಕಾಣುವಂತೆ ಮುಂದಿಟ್ಟುಕೊಂಡು, ಗೋಡೆಗೆ ಅಂಟಿಕೊಂಡೇ ಮಹಡಿಯ ಆ ತುದಿಗೆ ಸರಿದು, ಅಲ್ಲಿ ನೆಲದ ಮೇಲೆ ಕೂತ. ಅಲ್ಲಿಂದ ಬಾಗಿಲೂ ಕಾಣುತ್ತಿತ್ತು, ಮೆಟ್ಟಿಲೂ ಕಾಣುತ್ತಿತ್ತು. "ಅಮ್ಮ ಬರೋ ತನಕ ಅಲ್ಲೇ ಇರು. ಕೂತ್ಕೋ."

ಹುಡುಗಿ ಚೀಲ ಇಳಿಸಿ ತಾನು ನಿಂತಿದ್ದ ಮೆಟ್ಟಿಲ ಮೇಲೇ ಕೂತಳು. ಅವನ ಮೇಲಿನ ಕಣ್ಣು ತೆಗೆಯದೆ, ಅವನೇ ಚುಚ್ಚದಂತೆ ಉಜ್ಜಿಕೊಟ್ಟಿದ್ದ ಕೀಯನ್ನು ಕೊರಳಲ್ಲೇ ಹಿಡಿದು ಅಂಗಿಯ ಒಳಗೆ ಹಾಕಿಕೊಂಡಳು.